ಇಪ್ಪತ್ತೊಂದು ತಿಂಗಳ ಗುತ್ತಿಗೆ: ಜರ್ಮನಿಯ ಒಂದು ಪೋಸ್ಟ್‌ಡಾಕ್ ನೇಮಕಾತಿಯ ಪ್ರಕರಣ ಅಧ್ಯಯನ

ಹಾವೇರಿ ಜಿಲ್ಲೆಯವರಾದ, ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಭೌತ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದ ಸಂಶೋಧಕಿಯೊಬ್ಬರು 2025ರ ಅಕ್ಟೋಬರ್ 1ರಂದು ಪೂರ್ವ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್ ಆಗಿ, ಅಂದರೆ ಪಿಎಚ್‌.ಡಿ. ನಂತರದ ಅವಧಿ ಗುತ್ತಿಗೆಯ ಸಂಶೋಧಕಿಯಾಗಿ, ಕೆಲಸಕ್ಕೆ ಸೇರಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಅರ್ಜಿ ಹಾಕುವ ಹಂತದಿಂದ ಗುತ್ತಿಗೆಗೆ ಸಹಿ ಹಾಕುವವರೆಗೆ ಅವರು ಪ್ರತಿ ಹಂತದಲ್ಲೂ ನನ್ನೊಡನೆ ಸಮಾಲೋಚಿಸಿದ್ದರಿಂದ, ಜಾಹೀರಾತು, ಪತ್ರಗಳು ಮತ್ತು ಗುತ್ತಿಗೆಯ ಕರಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಜರ್ಮನಿಯಲ್ಲಿ ನಿಸರ್ಗ ವಿಜ್ಞಾನದ ಪೋಸ್ಟ್‌ಡಾಕ್ ಅವಕಾಶಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆಯೆಲ್ಲ ಸಾಮಾನ್ಯವಾಗಿ ಎರಡೇ ಪ್ರಶ್ನೆಗಳ ಸುತ್ತ ತಿರುಗುತ್ತದೆ: ಹುದ್ದೆ ಎಲ್ಲಿದೆ, ಸಂಬಳ ಎಷ್ಟು. ಈ ಪ್ರಕರಣದಲ್ಲಿ ಆ ಎರಡಕ್ಕೂ ಉತ್ತರ ಬೇಗನೆ ಸಿಕ್ಕಿತು. ಆದರೆ ಆಕೆಯ ಮುಂದಿನ ಹಾದಿಯನ್ನು ನಿರ್ಧರಿಸಿದ್ದು ಬೇರೆ ಮೂರು ಪ್ರಶ್ನೆಗಳು: ಹುದ್ದೆಯ ಹಣ ಯಾರದ್ದು, ಆ ಹಣ ಎಂದು ಮುಗಿಯುತ್ತದೆ, ಗುತ್ತಿಗೆ ಕಾನೂನಿನ ಯಾವ ಕಲಮಿನಡಿ ಬರೆಯಲ್ಪಟ್ಟಿದೆ.

ಅಭ್ಯರ್ಥಿಯ ಹಿನ್ನೆಲೆ

ಅವರ ಕ್ಷೇತ್ರ ಸೋಡಿಯಂ ಅಯಾನು ಬ್ಯಾಟರಿಗಳು. ಅದರಲ್ಲೂ ಪದರ ರಚನೆಯ ಆಕ್ಸೈಡ್ ಕ್ಯಾಥೋಡ್‌ಗಳು (ಬ್ಯಾಟರಿಯ ಧನ ವಿದ್ಯುದ್ವಾರಗಳು). ಪಿಎಚ್‌.ಡಿ. ನೋಂದಣಿಯಿಂದ ವೈವಾ ಎಂಬ ಕೊನೆಯ ಮೌಖಿಕ ಪರೀಕ್ಷೆಯವರೆಗೆ ಐದು ವರ್ಷ ಎರಡು ತಿಂಗಳು ಹಿಡಿದಿತ್ತು, ಆ ಅವಧಿಯಲ್ಲಿ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಫೆಲೋಶಿಪ್ ಇತ್ತು. ನಂತರ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ರಿಸರ್ಚ್ ಅಸೋಸಿಯೇಟ್ ಆಗಿದ್ದರು. ಐದು ಪೇಪರ್‌ಗಳಿದ್ದವು, ಅವುಗಳಲ್ಲಿ ಎರಡಕ್ಕೆ ಅವರೇ ಮೊದಲ ಲೇಖಕಿ. ಪತಿ ಶಾಲಾ ಶಿಕ್ಷಕರು, ಜೊತೆಗೆ ಎರಡು ವರ್ಷದ ಮಗು.

ಈ ಪಟ್ಟಿಯಲ್ಲಿ ಕಣ್ಣಿಗೆ ಬೀಳದ, ಆದರೆ ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ ಒಂದು ಅಂಶವಿದೆ. ಹ್ಯಾಂಬರ್ಗ್‌ನ ಡೇಸಿ ಸಂಶೋಧನಾ ಕೇಂದ್ರದ ತೀವ್ರ ಎಕ್ಸ್‌ರೇ ಕಿರಣ ಹೊಮ್ಮಿಸುವ ಪೆಟ್ರಾ 3 ಸಿಂಕ್ರೊಟ್ರಾನ್ ಯಂತ್ರದಲ್ಲಿ ಭಾರತೀಯ ಸಂಶೋಧಕರಿಗೆ ಪ್ರಯೋಗಾವಕಾಶ ಒದಗಿಸುವ, ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮೂಲಕ ನಡೆಯುವ ವ್ಯವಸ್ಥೆಯೊಂದಿದೆ. ಆಕೆಯ ಗೈಡ್ ಅದರಡಿ ಬೀಮ್ ಸಮಯ, ಅಂದರೆ ಆ ಕಿರಣ ಬಳಸುವ ಸರದಿ, ಪಡೆದಿದ್ದರು. ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೇ ಅದರ ಸ್ಫಟಿಕ ರಚನೆ ಬದಲಾಗುವುದನ್ನು ಎಕ್ಸ್‌ರೇ ವಿವರ್ತನೆಯಿಂದ ಹಿಡಿಯಲು ಬೇಕಾದ ಪುಟ್ಟ ಬ್ಯಾಟರಿ ಕೋಶವನ್ನು ಆಕೆ ಸ್ವತಃ ರೂಪಿಸಿದ್ದರು. ಇಂಥ ಕ್ಯಾಥೋಡ್ ವಸ್ತುಗಳಿಗೆ ತೇವದ ಗಾಳಿ ತಾಗಿದರೆ ಮೇಲ್ಮೈ ಕೆಡುತ್ತದೆ. ಆರ್ಗಾನ್ ತುಂಬಿದ ಗ್ಲೋವ್‌ಬಾಕ್ಸ್‌ನೊಳಗೆ ಕೋಶ ಕಟ್ಟಿ, ಸೋರಿಕೆಯಿಲ್ಲದಂತೆ ಮುಚ್ಚಿ, ಬೀಮ್‌ಲೈನ್‌ವರೆಗೆ ಸುರಕ್ಷಿತವಾಗಿ ಒಯ್ಯಬೇಕು. ಪೇಪರ್‌ನ ವಿಧಾನ ವಿಭಾಗದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಈ ಕೆಲಸ ನಿಜದಲ್ಲಿ ತಿಂಗಳುಗಟ್ಟಲೆಯ ಶ್ರಮವನ್ನು ಬೇಡುತ್ತದೆ.

ಆಕೆ ನನಗೆ ತೋರಿಸಿದ ಮೊದಲ ಅರ್ಜಿಪತ್ರದಲ್ಲಿ ಈ ಕೋಶದ ಪ್ರಸ್ತಾಪವೇ ಇರಲಿಲ್ಲ. ತಮ್ಮ ಗುಂಪಿನ ಪ್ರತಿಷ್ಠೆಯನ್ನು ಕೇಳಿ ಬಲ್ಲೆ, ತಮ್ಮ ಮಾರ್ಗದರ್ಶನದಲ್ಲಿ ಕಲಿಯಲು ಉತ್ಸುಕಳಾಗಿದ್ದೇನೆ ಎಂಬ ಧಾಟಿಯ, ಯಾವ ಪ್ರೊಫೆಸರರಿಗೆ ಬೇಕಾದರೂ ಕಳುಹಿಸಬಹುದಾದ ಪತ್ರ ಅದು. ಜರ್ಮನಿಯ ಪ್ರೊಫೆಸರರು ಪೋಸ್ಟ್‌ಡಾಕ್ ಹುಡುಕುವುದು ಶಿಷ್ಯರಿಗಾಗಿ ಅಲ್ಲ. ಪ್ರಾಜೆಕ್ಟಿನಲ್ಲಿ ಬರೆದು ಕೊಟ್ಟಿರುವ ಒಂದು ನಿರ್ದಿಷ್ಟ ಕೆಲಸವನ್ನು ಬಂದ ದಿನದಿಂದ ಮಾಡಬಲ್ಲವರು ಅವರಿಗೆ ಬೇಕು. ಆದ್ದರಿಂದ ಪತ್ರವನ್ನು ಮತ್ತೆ ಬರೆಯಲಾಯಿತು. ಮೊದಲ ಪ್ಯಾರಾದಲ್ಲಿ ಆ ಕೋಶ, ಅದರಿಂದ ದೊರೆತ ಒಂದು ಫಲಿತಾಂಶ ಮತ್ತು ಜಾಹೀರಾತಿನಲ್ಲಿ ಹೇಳಿದ್ದ ಮಾಪನಕ್ಕೆ ಅದು ಹೇಗೆ ಹೊಂದುತ್ತದೆ ಎಂಬ ವಿವರ. ಎರಡನೆಯದರಲ್ಲಿ ಆ ಗುಂಪಿನ ಇತ್ತೀಚಿನ ಪೇಪರೊಂದರ ಬಗ್ಗೆ ಒಂದು ನೇರ ಪ್ರಶ್ನೆ. ಮೂರನೆಯದರಲ್ಲಿ ಎಂದಿನಿಂದ ಸೇರಬಲ್ಲೆ ಎಂಬ ಮಾಹಿತಿ. ಒಂದು ಪುಟವೂ ತುಂಬಲಿಲ್ಲ. ಸಂದರ್ಶನದಲ್ಲಿ ಪ್ರೊಫೆಸರರು ಮೊದಲು ಎತ್ತಿದ್ದೇ ಆ ಕೋಶದ ವಿಷಯವನ್ನು.

ಎರಡು ದಾರಿಗಳು

ಮೇ ತಿಂಗಳ ಹೊತ್ತಿಗೆ ಆಕೆಯ ಮುಂದೆ ಎರಡು ಅವಕಾಶಗಳಿದ್ದವು. ಮೊದಲನೆಯದು ಮೇಲೆ ಹೇಳಿದ ವಿಶ್ವವಿದ್ಯಾಲಯದ ಹುದ್ದೆ: ಪೂರ್ಣಾವಧಿ, ರಾಜ್ಯ ಸರ್ಕಾರಗಳ ವೇತನ ಒಪ್ಪಂದದ ಇ 13 ಶ್ರೇಣಿ, 2025ರ ಸೆಪ್ಟೆಂಬರ್ 1ರಿಂದ 2027ರ ಜೂನ್ 30ರವರೆಗೆ. ಎರಡನೆಯದು ಪಶ್ಚಿಮ ಜರ್ಮನಿಯ ಇನ್ನೊಬ್ಬ ಪ್ರೊಫೆಸರರ ಆಹ್ವಾನ. ಅವರಲ್ಲಿ ಹಣವಿರಲಿಲ್ಲ, ಆದರೆ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಪ್ರತಿಷ್ಠಾನದ ಫೆಲೋಶಿಪ್‌ಗೆ ಅರ್ಜಿ ಹಾಕಿದರೆ ಆತಿಥೇಯರಾಗಿ ನಿಲ್ಲುವುದಾಗಿ ಬರೆದಿದ್ದರು.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಂಬೋಲ್ಟ್ ಎಂಬ ಹೆಸರಿಗೆ ಇರುವ ಗೌರವ ದೊಡ್ಡದು, ಅದು ಸಲ್ಲಬೇಕಾದದ್ದೇ. ಅದರಲ್ಲಿ ದೇಶವಾರು ಅಥವಾ ವಿಷಯವಾರು ಕೋಟಾ ಇಲ್ಲ, ಸಂಶೋಧನಾ ವಿಷಯವನ್ನು ಅಭ್ಯರ್ಥಿಯೇ ಆರಿಸಿಕೊಳ್ಳುತ್ತಾರೆ, ಹಳೆಯ ಫೆಲೋಗಳ ಜಾಲ ಜೀವನವಿಡೀ ಜೊತೆಗಿರುತ್ತದೆ. ಆಕೆಯ ಗೈಡ್ ಸಹಜವಾಗಿಯೇ ಆ ದಾರಿಯನ್ನು ಸೂಚಿಸಿದರು. ಆದರೆ ಫೆಲೋಶಿಪ್ ಮತ್ತು ಉದ್ಯೋಗದ ಗುತ್ತಿಗೆ ಇವೆರಡೂ ಜರ್ಮನಿಯ ಕಾನೂನಿನಲ್ಲಿ ಬೇರೆಬೇರೆ ವಸ್ತುಗಳು. ನಮ್ಮಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್‌ಗೂ ಪ್ರಾಜೆಕ್ಟ್ ಹುದ್ದೆಗೂ ಇರುವ ವ್ಯತ್ಯಾಸಕ್ಕಿಂತ ಅಲ್ಲಿನ ವ್ಯತ್ಯಾಸ ಬಹಳ ದೊಡ್ಡದು ಎಂಬುದನ್ನು ಅನೇಕರು ಅಲ್ಲಿಗೆ ಹೋದ ಮೇಲೆಯೇ ತಿಳಿಯುತ್ತಾರೆ.

ಇ 13 ಗುತ್ತಿಗೆ ಪಡೆದವರು ಉದ್ಯೋಗಿ. 2025ರ ಫೆಬ್ರವರಿಯಿಂದ ಆ ಶ್ರೇಣಿಯ ಮೊದಲ ಹಂತದ ಒಟ್ಟು ವೇತನ ತಿಂಗಳಿಗೆ 4,600 ಯೂರೋಗಿಂತ ಸ್ವಲ್ಪ ಹೆಚ್ಚಿತ್ತು. ಅದರಲ್ಲಿ ಆದಾಯ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಮತ್ತು ನಿರುದ್ಯೋಗ ವಿಮೆಗಳ ಕಡಿತವಾಗಿ ಅವಿವಾಹಿತರ ಕೈಗೆ ಬರುವುದು ಸುಮಾರು ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ಕಡಿತದ ಪಟ್ಟಿ ನೋಡಿದ ಆಕೆಯ ಪತಿಗೆ ಮೊದಲು ಗಾಬರಿಯಾಯಿತು. ಆದರೆ ಕಡಿತವಾದ ಪ್ರತಿ ಬಾಬಿನ ಹಿಂದೆ ಒಂದು ಹಕ್ಕಿದೆ. ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ಸಂಪಾದನೆಯಿಲ್ಲದ ಸಂಗಾತಿಗೂ ಮಕ್ಕಳಿಗೂ ಹೆಚ್ಚುವರಿ ಕಂತಿಲ್ಲದೆ ರಕ್ಷಣೆ ಸಿಗುತ್ತದೆ. ಹನ್ನೆರಡು ತಿಂಗಳು ಕಂತು ಕಟ್ಟಿದ ಮೇಲೆ ಗುತ್ತಿಗೆ ಮುಗಿದು ಕೆಲಸವಿಲ್ಲದಿದ್ದರೆ ನಿರುದ್ಯೋಗ ಭತ್ಯೆ ಸಿಗುತ್ತದೆ. ಪಿಂಚಣಿಯ ವರ್ಷಗಳು ಸೇರುತ್ತ ಹೋಗುತ್ತವೆ; ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿರುವುದರಿಂದ ಆ ವರ್ಷಗಳು ಹಿಂತಿರುಗಿದವರಿಗೂ ಲೆಕ್ಕಕ್ಕೆ ಬರುತ್ತವೆ. ಫೆಲೋಶಿಪ್‌ನಲ್ಲಿ ತೆರಿಗೆಯ ಭಾರವಿಲ್ಲ, ಆದರೆ ಈ ಯಾವ ಹಕ್ಕೂ ತಾನಾಗಿ ಬರುವುದಿಲ್ಲ. ಹಂಬೋಲ್ಟ್ ಪ್ರತಿಷ್ಠಾನ ವಿಮೆಗೂ ಕುಟುಂಬಕ್ಕೂ ನೆರವು ನೀಡುತ್ತದೆಯಾದರೂ ನಿರುದ್ಯೋಗ ವಿಮೆಯ ಖಾತೆ ಅಲ್ಲಿ ಆರಂಭವಾಗುವುದೇ ಇಲ್ಲ.

ಇಷ್ಟಾದರೂ ಫೆಲೋಶಿಪ್ ಪರವಾಗಿ ಒಂದು ಗಟ್ಟಿಯಾದ ವಾದವಿತ್ತು. ಅದನ್ನು ಅರಿಯಲು ಗುತ್ತಿಗೆಯ ಕಾನೂನನ್ನೇ ನೋಡಬೇಕು.

ಆರು ವರ್ಷದ ಗಡಿಯಾರ

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲೂ ಸಂಶೋಧನಾ ಸಂಸ್ಥೆಗಳಲ್ಲೂ ವಿಜ್ಞಾನಿಗಳನ್ನು ಅವಧಿ ಗುತ್ತಿಗೆಯ ಮೇಲೆ ನೇಮಿಸಲು ಪ್ರತ್ಯೇಕ ಕಾಯ್ದೆಯಿದೆ. 2007ರಲ್ಲಿ ಜಾರಿಗೆ ಬಂದು 2016ರಲ್ಲಿ ತಿದ್ದುಪಡಿಯಾದ ಇದನ್ನು ಅಲ್ಲಿನವರು ವಿಸ್‌ಝೈಟ್‌ಫೆಗೆ ಎಂದು ಚುಟುಕಾಗಿ ಕರೆಯುತ್ತಾರೆ. ಪಿಎಚ್‌.ಡಿ.ಗೆ ಮುಂಚೆ ಆರು ವರ್ಷ, ನಂತರ ಆರು ವರ್ಷ, ವೈದ್ಯಕೀಯದಲ್ಲಾದರೆ ನಂತರ ಒಂಬತ್ತು ವರ್ಷ: ಅರ್ಹತೆ ಬೆಳೆಸಿಕೊಳ್ಳುವ ಉದ್ದೇಶದ ಅವಧಿ ಗುತ್ತಿಗೆಗಳಿಗೆ ಇದೇ ಗರಿಷ್ಠ ಮಿತಿ. ಅದು ಮುಗಿದ ಮೇಲೆ ಒಂದೋ ಕಾಯಂ ಹುದ್ದೆ ಸಿಗಬೇಕು, ಇಲ್ಲವೇ ಹೊರಗಿನ ಅನುದಾನದ ಪ್ರಾಜೆಕ್ಟಿಗೆ ಕಟ್ಟಿದ ಗುತ್ತಿಗೆಯಲ್ಲಿ ಮುಂದುವರಿಯಬೇಕು, ಇಲ್ಲವೇ ವ್ಯವಸ್ಥೆಯಿಂದ ಹೊರಬೀಳಬೇಕು.

ಕಾಯಂ ಹುದ್ದೆ ಎಷ್ಟು ವಿರಳ ಎಂಬುದಕ್ಕೆ ಜರ್ಮನಿಯ ಅಧಿಕೃತ ವರದಿಯೇ ಸಾಕ್ಷಿ: 2021ರ ಯುವ ವಿಜ್ಞಾನಿಗಳ ರಾಷ್ಟ್ರೀಯ ವರದಿಯ ಪ್ರಕಾರ, ವಿಶ್ವವಿದ್ಯಾಲಯಗಳಲ್ಲಿರುವ 45 ವರ್ಷದೊಳಗಿನ, ಪ್ರೊಫೆಸರರಲ್ಲದ ವೈಜ್ಞಾನಿಕ ಸಿಬ್ಬಂದಿಯಲ್ಲಿ ಶೇ. 92ರಷ್ಟು ಮಂದಿ ಅವಧಿ ಗುತ್ತಿಗೆಯಲ್ಲಿದ್ದಾರೆ. ಶಿಕ್ಷಣ ಮತ್ತು ಸಂಶೋಧನಾ ಸಚಿವಾಲಯ ಈ ಕಾಯ್ದೆಯನ್ನು ವಿವರಿಸಲು 2018ರಲ್ಲಿ ಹನ್ನಾ ಎಂಬ ಕಾಲ್ಪನಿಕ ಜೀವವಿಜ್ಞಾನಿಯನ್ನು ಮುಂದಿಟ್ಟು ಒಂದು ಕಿರುಚಿತ್ರ ಮಾಡಿತ್ತು. ಒಂದು ಪೀಳಿಗೆಯವರೇ ಎಲ್ಲ ಹುದ್ದೆಗಳಲ್ಲಿ ಕುಳಿತು ವ್ಯವಸ್ಥೆ ಕಟ್ಟಿಕೊಳ್ಳಬಾರದು ಎಂಬುದು ಅದರ ಸಮರ್ಥನೆಯಾಗಿತ್ತು. 2021ರ ಜೂನ್‌ನಲ್ಲಿ ಆಮ್ರೈ ಬಾರ್, ಕ್ರಿಸ್ಟೀನ್ ಐಶ್‌ಹಾರ್ನ್ ಮತ್ತು ಸೆಬಾಸ್ಟಿಯನ್ ಕುಬೋನ್ ಎಂಬ ಮೂವರು ವಿದ್ವಾಂಸರು 'ನಾನೇ ಹನ್ನಾ' ಎಂಬ ಹ್ಯಾಶ್‌ಟ್ಯಾಗ್ ಆರಂಭಿಸಿದಾಗ ಸಾವಿರಾರು ಸಂಶೋಧಕರು ತಮ್ಮ ಸಾಲುಸಾಲು ಗುತ್ತಿಗೆಗಳ ಕಥೆಗಳನ್ನು ಬರೆದರು, ವಿಷಯ ಸಂಸತ್ತಿನವರೆಗೂ ಹೋಯಿತು. ಕಾಯ್ದೆಯ ಸುಧಾರಣೆಗೆ 2023ರಲ್ಲೂ 2024ರಲ್ಲೂ ಕರಡುಗಳು ಬಂದವು. 2024ರ ನವೆಂಬರ್‌ನಲ್ಲಿ ಸಮ್ಮಿಶ್ರ ಸರ್ಕಾರ ಕುಸಿದಾಗ ಆ ಕರಡೂ ಬಿದ್ದುಹೋಯಿತು. ಹೀಗಾಗಿ 2025ರಲ್ಲಿ ಆಕೆಯ ಮುಂದಿದ್ದದ್ದು ಹಳೆಯ ನಿಯಮವೇ. ಇಷ್ಟು ದೊಡ್ಡ ಚರ್ಚೆ ನಡೆದ ವಿಷಯದ ಬಗ್ಗೆ, ಅಲ್ಲಿಗೆ ಪ್ರತಿವರ್ಷ ಹೊರಡುವ ನಮ್ಮ ಹುಡುಗ ಹುಡುಗಿಯರಿಗೆ ಯಾರೂ ಒಂದು ಮಾತೂ ಹೇಳಿ ಕಳಿಸದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಆಕೆಯ ಲೆಕ್ಕ ಹೀಗಿತ್ತು. ಮೂಲ ಮಿತಿ ಆರು ವರ್ಷ. ಪಿಎಚ್‌.ಡಿ.ಯನ್ನು ಆರು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಮುಗಿಸಿದವರಿಗೆ ಉಳಿದ ಕಾಲವನ್ನು ನಂತರದ ಹಂತಕ್ಕೆ ಸೇರಿಸಿಕೊಳ್ಳಲು ಕಾಯ್ದೆ ಅವಕಾಶ ಕೊಡುತ್ತದೆ; ಪಿಎಚ್‌.ಡಿ. ಬೇರೆ ದೇಶದಲ್ಲಿ, ಉದ್ಯೋಗವಿಲ್ಲದೆ ಫೆಲೋಶಿಪ್‌ನಲ್ಲೇ ಮಾಡಿದ್ದರೂ ಈ ಸೌಲಭ್ಯವಿದೆ. ಅಲ್ಲಿನ ಸಿಬ್ಬಂದಿ ವಿಭಾಗ ಕಳುಹಿಸುವ ಫಾರಂನಲ್ಲಿ ಪಿಎಚ್‌.ಡಿ. ಆರಂಭ ಮತ್ತು ಮುಕ್ತಾಯದ ದಿನಾಂಕಗಳನ್ನು ಕೇಳುವುದು ಇದಕ್ಕಾಗಿಯೇ. ಆದ್ದರಿಂದ ನೋಂದಣಿಯ ಆದೇಶವನ್ನೂ ವೈವಾ ಆದ ದಿನದ ಪತ್ರವನ್ನೂ ವಿಶ್ವವಿದ್ಯಾಲಯದಿಂದ ಪಡೆದು ಇಟ್ಟುಕೊಳ್ಳಬೇಕು. ಐದು ವರ್ಷ ಎರಡು ತಿಂಗಳಿನ ಲೆಕ್ಕದಲ್ಲಿ ಆಕೆಗೆ ಹತ್ತು ತಿಂಗಳು ಸೇರಿತು. ಸಾಕುವ ಪ್ರತಿ ಮಗುವಿಗೆ ಎರಡು ವರ್ಷದಂತೆ ಮಿತಿ ವಿಸ್ತರಿಸುತ್ತದೆ. ಅಲ್ಲಿಗೆ ಒಟ್ಟು ಎಂಟು ವರ್ಷ ಹತ್ತು ತಿಂಗಳು. ಇದು ಮಿತಿಯೇ ಹೊರತು ಭರವಸೆಯಲ್ಲ. ಅಷ್ಟು ಕಾಲ ಕೆಲಸ ಕೊಡಬೇಕೆಂಬ ಹೊಣೆ ಯಾರ ಮೇಲೂ ಇಲ್ಲ.

ಫೆಲೋಶಿಪ್ ಪರವಾದ ವಾದ ಇಲ್ಲಿತ್ತು. ಫೆಲೋಶಿಪ್ ಉದ್ಯೋಗವಲ್ಲವಾದ್ದರಿಂದ ಆ ಕಾಲ ಈ ಗಡಿಯಾರದಲ್ಲಿ ಓಡುವುದಿಲ್ಲ. ಎರಡು ವರ್ಷ ಹಂಬೋಲ್ಟ್‌ನಲ್ಲಿದ್ದು ನಂತರ ಗುತ್ತಿಗೆಗೆ ಬಂದರೆ ಎಂಟು ವರ್ಷ ಹತ್ತು ತಿಂಗಳು ಹಾಗೆಯೇ ಉಳಿದಿರುತ್ತಿತ್ತು. ಪ್ರೊಫೆಸರ್ ಹುದ್ದೆಯೇ ಗುರಿಯಾಗಿರುವ, ಕುಟುಂಬದ ಹೊಣೆಯಿಲ್ಲದ, ಕೈಯಲ್ಲಿ ಬೇರೆ ಹುದ್ದೆಯಿಲ್ಲದ ಅಭ್ಯರ್ಥಿಗೆ ನಾನು ಆ ದಾರಿಯನ್ನೇ ಹೇಳುತ್ತಿದ್ದೆ. ಇಲ್ಲಿ ಹಾಗಿರಲಿಲ್ಲ. ಹಂಬೋಲ್ಟ್ ಅರ್ಜಿಯ ನಿರ್ಧಾರಕ್ಕೆ ತಿಂಗಳುಗಳೇ ಬೇಕು, ಫಲ ಖಚಿತವಿಲ್ಲ. ಬೆಂಗಳೂರಿನ ಪ್ರಾಜೆಕ್ಟ್ ಆಗಸ್ಟ್‌ನಲ್ಲಿ ಮುಗಿಯುತ್ತಿತ್ತು. ಮಗುವಿನ ಆರೋಗ್ಯ ವಿಮೆ ದೊಡ್ಡ ಪ್ರಶ್ನೆಯಾಗಿತ್ತು. ಆಕೆ ಗುತ್ತಿಗೆಯನ್ನು ಆರಿಸಿದರು. ಆ ತೀರ್ಮಾನ ಸರಿಯಾದದ್ದೆಂದು ಈಗಲೂ ನನ್ನ ಅಭಿಪ್ರಾಯ.

ಜಾಹೀರಾತಿನ ಕೊನೆಯ ದಿನಾಂಕ

ಜಾಹೀರಾತಿನಲ್ಲಿ ಎರಡು ವರ್ಷ ಎನ್ನದೆ 2027ರ ಜೂನ್ 30 ಎಂದು ನಿರ್ದಿಷ್ಟ ದಿನಾಂಕ ಕೊಟ್ಟದ್ದಕ್ಕೆ ಕಾರಣವಿದೆ. ಹುದ್ದೆಯ ಹಣ ಜರ್ಮನ್ ಸಂಶೋಧನಾ ಪ್ರತಿಷ್ಠಾನವಾದ ಡಿಎಫ್‌ಜಿಯ ಸಹಯೋಗ ಸಂಶೋಧನಾ ಕೇಂದ್ರವೊಂದರದ್ದು. ಅಂಥ ಕೇಂದ್ರಗಳು ನಾಲ್ಕು ನಾಲ್ಕು ವರ್ಷಗಳ ಅವಧಿಗಳಲ್ಲಿ ಗರಿಷ್ಠ ಹನ್ನೆರಡು ವರ್ಷ ನಡೆಯುತ್ತವೆ. ಇದು ಎರಡನೆಯ ಅವಧಿಯ ಉತ್ತರಾರ್ಧದಲ್ಲಿತ್ತು. ಅಂದರೆ ಮುಂದಿನ ಅವಧಿಗೆ ಅನುಮೋದನೆ ಸಿಕ್ಕರೆ ಇನ್ನೂ ನಾಲ್ಕು ವರ್ಷದ ಹಣವಿದೆ, ಸಿಗದಿದ್ದರೆ ಆ ದಿನಾಂಕಕ್ಕೆ ಎಲ್ಲರ ಗುತ್ತಿಗೆಯೂ ಮುಗಿಯುತ್ತದೆ. ಜರ್ಮನಿಯಲ್ಲಿ ಹುದ್ದೆಗಳ ಹಂಗಾಮು ಹಣದ ಹಂಗಾಮನ್ನೇ ಅನುಸರಿಸುತ್ತದೆ. ಉತ್ಕೃಷ್ಟತಾ ಕ್ಲಸ್ಟರ್‌ಗಳೆಂಬ ದೊಡ್ಡ ಸಂಶೋಧನಾ ಕೂಟಗಳು ಏಳು ವರ್ಷಗಳ ಅವಧಿಯವು. 2026ರ ಜನವರಿಯಲ್ಲಿ ಎಪ್ಪತ್ತು ಕ್ಲಸ್ಟರ್‌ಗಳ ಹೊಸ ಅವಧಿ ಆರಂಭವಾಗಿದ್ದು, ಇಂಥ ಆರಂಭದ ವರ್ಷಗಳಲ್ಲಿ ನೇಮಕಾತಿ ಹೆಚ್ಚು, ಗುತ್ತಿಗೆಗಳೂ ದೀರ್ಘ. ಮ್ಯಾಕ್ಸ್ ಪ್ಲಾಂಕ್, ಹೆಲ್ಮ್‌ಹೋಲ್ಟ್ಸ್, ಲೈಬ್ನಿಟ್ಸ್ ಮತ್ತು ಫ್ರೌನ್‌ಹೋಫರ್ ಎಂಬ ನಾಲ್ಕು ಸಂಶೋಧನಾ ಸಂಘಗಳಲ್ಲಿ ಸಂಸ್ಥೆಯ ಮೂಲ ಅನುದಾನದಿಂದಲೇ ನಡೆಯುವ ಹುದ್ದೆಗಳೂ ಇರುತ್ತವೆ. ಬ್ಯಾಟರಿ ರಸಾಯನಶಾಸ್ತ್ರದವರು ಉಲ್ಮ್, ಕಾರ್ಲ್ಸ್‌ರೂಹೆ, ಮ್ಯೂನ್‌ಸ್ಟರ್, ಯೂಲಿಶ್ ಊರುಗಳ ಸಂಶೋಧನಾ ಸಂಸ್ಥೆಗಳ ಜಾಲತಾಣಗಳನ್ನು ನೇರವಾಗಿ ನೋಡುತ್ತಿರುವುದು ಒಳ್ಳೆಯದು; ಸಾಮಾನ್ಯ ಹುಡುಕಾಟಕ್ಕೆ ಯುರಾಕ್ಸೆಸ್ ಮತ್ತು ಅಕಾಡೆಮಿಕ್ಸ್ ತಾಣಗಳಿವೆ.

ಮುಂದಿನ ಅವಧಿಯ ಅರ್ಜಿಯ ಬಗ್ಗೆ ಸಂದರ್ಶನದಲ್ಲೇ ಕೇಳಬಹುದೇ, ಉದ್ಧಟತನ ಎನಿಸೀತೇ ಎಂದು ಆಕೆ ಹಿಂಜರಿದರು. ಜರ್ಮನಿಯಲ್ಲಿ ಈ ಪ್ರಶ್ನೆಯನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಪ್ರೊಫೆಸರರು ನೇರವಾಗಿಯೇ ಉತ್ತರಿಸಿದರು: ಅರ್ಜಿ ಸಿದ್ಧವಾಗುತ್ತಿದೆ, ತಮ್ಮ ಉಪಯೋಜನೆ ಅದರಲ್ಲಿದೆ, ಫಲಿತಾಂಶದ ಬಗ್ಗೆ ತಾವು ಮಾತು ಕೊಡಲಾಗದು.

ಕರಡು ಗುತ್ತಿಗೆ ಬಂದಾಗ

ಪ್ರೊಫೆಸರರು ಜೂನ್ ಆರಂಭದಲ್ಲಿ ಒಪ್ಪಿದರೂ ಅದು ಆಫರ್ ಅಲ್ಲ. ನೇಮಕಾತಿಗೆ ಸಿಬ್ಬಂದಿ ಮಂಡಳಿಯ ಸಮ್ಮತಿ ಬೇಕು, ಆಡಳಿತ ವಿಭಾಗ ಪದವಿಗಳನ್ನು ಪರಿಶೀಲಿಸಬೇಕು, ಅದಾದ ಮೇಲೆಯೇ ಬರಹದಲ್ಲಿ ಏನಾದರೂ ಬರುತ್ತದೆ. ಕರಡು ಕೈಗೆ ಬಂದಾಗ ಜುಲೈ ಎರಡನೆಯ ವಾರ. ಅದನ್ನು ಓದುವಾಗ ಮೂರು ಕಡೆ ನಿಂತೆವು.

ಮೊದಲನೆಯದು ವೇತನದ ಹಂತ. ಕರಡಿನಲ್ಲಿ ಒಂದನೆಯ ಹಂತ ಎಂದಿತ್ತು. ಬೇರೆ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯಲ್ಲಿ ಪಡೆದ ಸಂಬಂಧಿತ ಅನುಭವವನ್ನು ಪರಿಗಣಿಸಬೇಕೆಂದು ವೇತನ ಒಪ್ಪಂದದಲ್ಲೇ ಇದೆ: ಒಂದು ವರ್ಷಕ್ಕೆ ಎರಡನೆಯ ಹಂತ, ಮೂರು ವರ್ಷಕ್ಕೆ ಮೂರನೆಯದು. ಆದರೆ ಅಭ್ಯರ್ಥಿ ಕೇಳಬೇಕು, ದಾಖಲೆ ಕೊಡಬೇಕು, ಸಹಿಗೆ ಮುಂಚೆಯೇ ಕೊಡಬೇಕು. ಆಕೆ ಬೆಂಗಳೂರಿನ ಸಂಸ್ಥೆಯಿಂದ, ಹುದ್ದೆಯ ಅವಧಿ, ಪೂರ್ಣಾವಧಿ ಎಂಬ ಉಲ್ಲೇಖ ಮತ್ತು ಮಾಡಿದ ಕೆಲಸದ ವಿವರಗಳಿರುವ ಪತ್ರ ತರಿಸಿದರು. ಬರಿಯ ಅನುಭವ ಪ್ರಮಾಣಪತ್ರ ಸಾಲುವುದಿಲ್ಲ, ಕೆಲಸದ ವಿವರವೇ ಅಲ್ಲಿ ಮುಖ್ಯ. ಆ ವರ್ಷ ಒಪ್ಪಿತವಾಗಿ ಎರಡನೆಯ ಹಂತ ಸಿಕ್ಕಿತು. ತಿಂಗಳಿಗೆ ನೂರಾರು ಯೂರೋಗಳ ವ್ಯತ್ಯಾಸ. ಸಿಎಸ್‌ಐಆರ್ ಫೆಲೋಶಿಪ್‌ನ ವರ್ಷಗಳನ್ನು ಅವರು ಉದ್ಯೋಗವೆಂದು ಒಪ್ಪಲಿಲ್ಲ.

ಎರಡನೆಯದು ಕಲಮು. ಗುತ್ತಿಗೆಯನ್ನು ಕಾಯ್ದೆಯ ಎರಡನೆಯ ಕಲಮಿನ ಎರಡನೆಯ ಉಪಕಲಮಿನಡಿ, ಅಂದರೆ ಹೊರಗಿನ ಅನುದಾನದ ಆಧಾರದ ಮೇಲೆ, ಬರೆಯಲಾಗಿತ್ತು. ಒಂದನೆಯ ಉಪಕಲಮಿನಡಿ ಬರೆದ ಗುತ್ತಿಗೆಯಾದರೆ, ಹೆರಿಗೆ ರಜೆಗೋ ಶಿಶುಪಾಲನಾ ರಜೆಗೋ ಹೋದಷ್ಟು ಕಾಲ ಉದ್ಯೋಗಿಯ ಒಪ್ಪಿಗೆಯ ಮೇರೆಗೆ ಗುತ್ತಿಗೆಯೇ ಮುಂದಕ್ಕೆ ಹೋಗುತ್ತದೆ. ಎರಡನೆಯದರಲ್ಲಿ ಆ ರಕ್ಷಣೆಯಿಲ್ಲ. ರಜೆಯಲ್ಲಿದ್ದರೂ ನಿಗದಿತ ದಿನಕ್ಕೆ ಗುತ್ತಿಗೆ ಮುಗಿಯುತ್ತದೆ. ಆದರೂ ಆ ಅವಧಿ ಆರು ವರ್ಷದ ಲೆಕ್ಕಕ್ಕೆ ಸೇರುತ್ತದೆ. ಒಂದೇ ಪ್ರಯೋಗಾಲಯದಲ್ಲಿ, ಒಂದೇ ಸಂಬಳಕ್ಕೆ, ಅಕ್ಕಪಕ್ಕದ ಮೇಜಿನಲ್ಲಿ ಕುಳಿತು ಕೆಲಸ ಮಾಡುವ ಇಬ್ಬರು ಮಹಿಳೆಯರಲ್ಲಿ ಒಬ್ಬರಿಗೆ ಈ ಹಕ್ಕಿದ್ದು ಇನ್ನೊಬ್ಬರಿಗೆ ಇಲ್ಲದಿರುವುದು ನ್ಯಾಯವಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ಒಂದನೆಯ ಉಪಕಲಮಿಗೆ ಬದಲಿಸಬಹುದೇ ಎಂದು ಆಕೆ ವಿನಯದಿಂದ ಕೇಳಿದರು. ಹುದ್ದೆಯ ಪೂರ್ತಿ ಹಣ ಪ್ರಾಜೆಕ್ಟಿನದ್ದಾದ್ದರಿಂದ ಸಾಧ್ಯವಿಲ್ಲ ಎಂದು ಆಡಳಿತ ವಿಭಾಗ ಉತ್ತರಿಸಿತು. ಎರಡನೆಯ ಮಗುವಿನ ಯೋಚನೆಯನ್ನು ಈ ಗುತ್ತಿಗೆಯ ಅವಧಿಗೆ ಇಟ್ಟುಕೊಳ್ಳುವುದಿಲ್ಲ ಎಂದು ದಂಪತಿ ಮಾತಾಡಿಕೊಂಡು, ತಿಳಿದೇ ಮುಂದುವರಿದರು.

ಮೂರನೆಯದು ಸೇರುವ ದಿನಾಂಕ. ಇಡೀ ಪ್ರಕರಣದಲ್ಲಿ ಅತ್ಯಂತ ಚಿಕ್ಕದಾಗಿ ಕಂಡ, ಆದರೆ ನನ್ನ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳ ತಿದ್ದುಪಡಿ ಇದು. ಯುರೋಪಿಯನ್ ಒಕ್ಕೂಟದ ಮರಿ ಸ್ಕ್ಲೋಡೋವ್ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ಟೊರಲ್ ಫೆಲೋಶಿಪ್‌ಗೆ ಪಿಎಚ್‌.ಡಿ. ನಂತರ ಎಂಟು ವರ್ಷದ ಸಂಶೋಧನಾನುಭವ ಮೀರದವರು ಅರ್ಜಿ ಹಾಕಬಹುದು. ಹೆಸರು ಫೆಲೋಶಿಪ್ ಆದರೂ ಅದರಲ್ಲಿ ಆತಿಥೇಯ ಸಂಸ್ಥೆ ಸಾಮಾನ್ಯವಾಗಿ ಉದ್ಯೋಗದ ಗುತ್ತಿಗೆಯನ್ನೇ ಕೊಡುತ್ತದೆ. ಆದರೆ ಅರ್ಜಿಯ ಕೊನೆಯ ದಿನಕ್ಕೆ ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸಿಸಿರಬಾರದು, ಅಲ್ಲಿ ಮುಖ್ಯ ಕೆಲಸವನ್ನೂ ಮಾಡಿರಬಾರದು. ಆ ಕೊನೆಯ ದಿನ ಪ್ರತಿವರ್ಷ ಸಾಮಾನ್ಯವಾಗಿ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಬರುತ್ತದೆ. 2025ರ ಸೆಪ್ಟೆಂಬರ್ 1ಕ್ಕೆ ಸೇರಿದ್ದರೆ 2026ರ ಸೆಪ್ಟೆಂಬರ್‌ನ ಹೊತ್ತಿಗೆ ಆಕೆ ಕೆಲವೇ ದಿನಗಳಿಂದ ಅನರ್ಹರಾಗುತ್ತಿದ್ದರು. ಅಕ್ಟೋಬರ್ 1ಕ್ಕೆ ಸೇರಿದರೆ ಜರ್ಮನಿಯಲ್ಲೇ ಇನ್ನೊಂದು ಸಂಸ್ಥೆಯನ್ನು ಆತಿಥೇಯವಾಗಿಸಿಕೊಂಡು ಅರ್ಜಿ ಹಾಕುವ ದಾರಿ ತೆರೆದಿರುತ್ತದೆ. ಬೇರೆ ದೇಶಕ್ಕೆ ಅರ್ಜಿ ಹಾಕುವವರಿಗೆ ಈ ತೊಡಕಿಲ್ಲ. ಆದರೆ ಪತಿ ಜರ್ಮನ್ ಕಲಿತು, ಮಗು ಶಿಶುವಿಹಾರಕ್ಕೆ ಹೊಂದಿಕೊಂಡ ಮೇಲೆ ಮತ್ತೊಂದು ದೇಶಕ್ಕೆ ಹೊರಡುವುದು ಸುಲಭವಲ್ಲ. ವೀಸಾ ಬರುವುದಕ್ಕೂ ಸಮಯ ಬೇಕಿದ್ದರಿಂದ ಪ್ರೊಫೆಸರರು ತಕ್ಷಣ ಒಪ್ಪಿದರು. ಗುತ್ತಿಗೆ ಇಪ್ಪತ್ತೆರಡರ ಬದಲು ಇಪ್ಪತ್ತೊಂದು ತಿಂಗಳಾಯಿತು.

ವೀಸಾ ಮತ್ತು ಮೊದಲ ತಿಂಗಳುಗಳು

ವೀಸಾದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕರ್ನಾಟಕದವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ಗೆ ಹೋಗುತ್ತದೆ. ಪದವಿ ನೀಡಿದ ವಿಶ್ವವಿದ್ಯಾಲಯ ವಿದೇಶಿ ಪದವಿಗಳ ಕುರಿತ ಜರ್ಮನಿಯ ಅನಾಬಿನ್ ದತ್ತಾಂಶದಲ್ಲಿ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿ, ಆ ಪುಟವನ್ನು ಮುದ್ರಿಸಿ ಅರ್ಜಿಗೆ ಸೇರಿಸಬೇಕು. ಸಂಶೋಧಕರ ವೀಸಾ ಮತ್ತು ನಿಗದಿತ ವೇತನ ಮೀರಿದ ಪದವೀಧರ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಎರಡು ಆಯ್ಕೆಗಳಿದ್ದವು. 2025ರಲ್ಲಿ ಬ್ಲೂ ಕಾರ್ಡ್‌ಗೆ ಬೇಕಾಗಿದ್ದ ಸಾಮಾನ್ಯ ವಾರ್ಷಿಕ ವೇತನ 48,300 ಯೂರೋ. ಪೂರ್ಣಾವಧಿ ಇ 13 ಅದನ್ನು ದಾಟುತ್ತದೆ, ಅರ್ಧಾವಧಿ ದಾಟುವುದಿಲ್ಲ. ಎರಡರಲ್ಲೂ ಸಂಗಾತಿಗೆ ಭಾಷಾ ಪರೀಕ್ಷೆಯ ಪೂರ್ವಷರತ್ತಿಲ್ಲ, ಕೆಲಸ ಮಾಡುವ ಹಕ್ಕೂ ಇದೆ. ಬ್ಲೂ ಕಾರ್ಡ್‌ನವರು ಮಧ್ಯಮ (ಬಿ1) ಮಟ್ಟದ ಜರ್ಮನ್ ಕಲಿತಿದ್ದರೆ 21 ತಿಂಗಳ ಉದ್ಯೋಗದ ನಂತರ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ 27 ತಿಂಗಳು ಕಾಯಬೇಕು. ಆಕೆ ಬ್ಲೂ ಕಾರ್ಡ್ ಆರಿಸಿಕೊಂಡರು.

ಸೇರಿದ ನಂತರ ಎರಡು ತಿಂಗಳೊಳಗೆ ಮಾಡಬೇಕಾದ, ಬಹುತೇಕರು ಕಳೆದುಕೊಳ್ಳುವ ಒಂದು ಕೆಲಸವಿದೆ. ಸರ್ಕಾರಿ ನೌಕರರ ಪೂರಕ ಪಿಂಚಣಿ ಸಂಸ್ಥೆಯಾದ ವಿಬಿಎಲ್‌ನ ಕಡ್ಡಾಯ ಯೋಜನೆಯಲ್ಲಿ 60 ತಿಂಗಳು ಪೂರೈಸಿದವರಿಗೆ ಮಾತ್ರ ಪಿಂಚಣಿಯ ಹಕ್ಕು. ಅಷ್ಟು ಕಾಲ ಇರಲಾರದ ಅವಧಿ ಗುತ್ತಿಗೆಯ ವಿಜ್ಞಾನಿಗಳು ಅದರಿಂದ ವಿನಾಯಿತಿ ಕೇಳಿ, ಕಾಯುವ ಅವಧಿಯಿಲ್ಲದ ಸ್ವಯಂಪ್ರೇರಿತ ಯೋಜನೆಗೆ ಹೋಗಬಹುದು. ಜರ್ಮನ್‌ನಲ್ಲಿರುವ ಒಂದು ಫಾರಂ, ಸೇರಿದ ದಿನದಿಂದ ಎರಡು ತಿಂಗಳು. ಆಕೆ ನವೆಂಬರ್ ಮಧ್ಯದಲ್ಲಿ ಅದನ್ನು ಸಲ್ಲಿಸಿದರು. ಮನೆ, ವಿಳಾಸ ನೋಂದಣಿ, ಬ್ಯಾಂಕ್ ಖಾತೆಗಳ ಓಡಾಟ ಎಲ್ಲರಿಗೂ ಇರುವಂಥದ್ದೇ.

ಪ್ರಯೋಗಾಲಯದಲ್ಲಿ ಮಾತುಕತೆಯೆಲ್ಲ ಇಂಗ್ಲಿಷ್‌ನಲ್ಲಿ. ಆದರೆ ಸುರಕ್ಷತಾ ತರಬೇತಿ, ಆಡಳಿತದ ಪತ್ರಗಳು, ವರ್ಕ್‌ಶಾಪ್‌ನ ಕುಶಲಕರ್ಮಿಗಳೊಡನೆ ಮಾತು ಜರ್ಮನ್‌ನಲ್ಲಿ. ಆಕೆಗೆ ಬೇಕಾದ ಹೊಸ ಕೋಶದ ಉಕ್ಕಿನ ಭಾಗವನ್ನು ಕೊರೆದುಕೊಡಬೇಕಾದವರು ಆ ಕುಶಲಕರ್ಮಿಗಳೇ. ಸಂಜೆಯ ಜರ್ಮನ್ ತರಗತಿಗೆ ಆಕೆ ಹೋಗುತ್ತಿರುವುದಕ್ಕೆ ಪರವಾನಗಿಯಷ್ಟೇ ಅಲ್ಲ, ಇದೂ ಕಾರಣ. ಮುಂದೆ ಉದ್ಯಮಕ್ಕೆ ಹೋಗುವುದಾದರೆ ಭಾಷೆ ಇನ್ನೂ ಹೆಚ್ಚು ಬೇಕು. ಜರ್ಮನಿಯ ರಾಸಾಯನಿಕ ಉದ್ಯಮಕ್ಕೆ ಅಲ್ಲಿನವರು ಪಿಎಚ್‌.ಡಿ. ಮುಗಿದೊಡನೆಯೇ ಸೇರುತ್ತಾರೆ, ಪೋಸ್ಟ್‌ಡಾಕ್ ಅಲ್ಲಿ ಅಗತ್ಯ ಮೆಟ್ಟಿಲಲ್ಲ, ಬಹಳ ವರ್ಷ ಮುಂದುವರಿದ ಪೋಸ್ಟ್‌ಡಾಕ್ ವಿವರಣೆ ಕೇಳುವ ಸಂಗತಿಯಾಗುತ್ತದೆ. ವಿಶ್ವವಿದ್ಯಾಲಯದಲ್ಲೇ ಉಳಿಯುವವರಿಗೆ, ಪಿಎಚ್‌.ಡಿ. ನಂತರದ ಆರಂಭದ ವರ್ಷಗಳಲ್ಲೇ ಅರ್ಜಿ ಹಾಕಬೇಕಾದ, ಆರು ವರ್ಷ ಸ್ವಂತ ಗುಂಪು ನಡೆಸಲು ಹಣ ಕೊಡುವ ಡಿಎಫ್‌ಜಿಯ ಎಮ್ಮಿ ನ್ಯೋಟರ್ ಯೋಜನೆಯಿದೆ; 2016ರಲ್ಲಿ ಘೋಷಿತವಾದ, ಮೌಲ್ಯಮಾಪನದಲ್ಲಿ ಗೆದ್ದರೆ ಕಾಯಂ ಆಗುವ ಸಾವಿರ ಟೆನ್ಯೂರ್ ಟ್ರ್ಯಾಕ್ ಪ್ರೊಫೆಸರ್ ಹುದ್ದೆಗಳ ಕಾರ್ಯಕ್ರಮವೂ ಇದೆ. ಊರಿಗೆ ಮರಳಲು ಬಯಸಿದರೆ ರಾಮಾನುಜನ್ ಫೆಲೋಶಿಪ್‌ನಂಥ ದಾರಿಗಳಿವೆ. ಇವುಗಳಲ್ಲಿ ಯಾವುದಕ್ಕೆ ಎಂದು ಆಕೆ ಇನ್ನೂ ತೀರ್ಮಾನಿಸಿಲ್ಲ, ಈಗಲೇ ತೀರ್ಮಾನಿಸಬೇಕಾಗಿಯೂ ಇಲ್ಲ.

ದಿನಾಂಕಗಳು ಮಾತ್ರ ತೀರ್ಮಾನವಾಗಿವೆ. 2026ರ ಸೆಪ್ಟೆಂಬರ್‌ನ ಕ್ಯೂರಿ ಫೆಲೋಶಿಪ್ ಅರ್ಜಿಗೆ, ಹಂಬೋಲ್ಟ್‌ಗೆ ಆತಿಥೇಯರಾಗಲು ಒಪ್ಪಿದ್ದ ಅದೇ ಪಶ್ಚಿಮ ಜರ್ಮನಿಯ ಪ್ರೊಫೆಸರರೊಡನೆ ಕರಡು ಸಿದ್ಧವಾಗುತ್ತಿದೆ. ಸಂಶೋಧನಾ ಕೇಂದ್ರದ ಮೂರನೆಯ ಅವಧಿಯ ಫಲಿತಾಂಶ ಗುತ್ತಿಗೆ ಮುಗಿಯುವ ಮೊದಲು ಬರಬೇಕು. ಎರಡೂ ಕೈಗೂಡದಿದ್ದರೆ, ಗುತ್ತಿಗೆ ಮುಗಿಯುವುದಕ್ಕೆ ಮೂರು ತಿಂಗಳು ಮುಂಚೆ, ಅಂದರೆ 2027ರ ಮಾರ್ಚ್ ಕೊನೆಯೊಳಗೆ, ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುವವರೆಂದು ಹೆಸರು ನೋಂದಾಯಿಸಬೇಕು. ತಡವಾದರೆ ಭತ್ಯೆಯಲ್ಲಿ ಒಂದು ವಾರ ಕಡಿತವಾಗಬಹುದು. ಇಪ್ಪತ್ತೊಂದು ತಿಂಗಳ ಕಂತಿಗೆ ಹತ್ತು ತಿಂಗಳ ಭತ್ಯೆ, ಮಗುವಿರುವುದರಿಂದ ನಿವ್ವಳ ವೇತನದ ಶೇ. 67ರ ದರದಲ್ಲಿ. ಆ ನೋಂದಣಿಯ ದಿನವನ್ನು ಆಕೆ ಸೇರಿದ ವಾರದಲ್ಲೇ ಪತಿಯ ಫೋನಿನಲ್ಲೂ ತಮ್ಮ ಫೋನಿನಲ್ಲೂ ಗುರುತು ಹಾಕಿಟ್ಟಿದ್ದಾರೆ.